ದಾವಣಗೆರೆಯ ಮನೆಗೆ ಟೆರಿಯರ್ ಮರಿ ಬಂದಾಗ: ತರುವ ಮುಂಚಿನಿಂದ ಆರು ತಿಂಗಳವರೆಗೆ

ಟೆರಿಯರ್ ಮರಿ ಬಂದ ದಿನವೇ ಮನೆಯ ಕಳೆ ಬದಲಾಗುತ್ತದೆ. ಎರಡು ತಿಂಗಳ ಜಾಕ್ ರಸೆಲ್ ಮರಿ ಎರಡು ಅಂಗೈಯಲ್ಲಿ ಕೂರುವಷ್ಟೇ ಇರುತ್ತದೆ. ಕೆಳಗೆ ಬಿಟ್ಟು ನೋಡಿ. ಪಡಸಾಲೆಯ ಮೂಲೆಮೂಲೆ ಮೂಸಿ, ದಿವಾನದ ಅಡಿ ಹೊಕ್ಕು, ಯಾರದೋ ಚಪ್ಪಲಿ ಕಚ್ಚಿಕೊಂಡು ಹಿಂದಕ್ಕೆ ಹೆಜ್ಜೆ ಹಾಕುತ್ತಾ ಎಳೆದು ತರುತ್ತದೆ. ಆ ಹುರುಪನ್ನು ನೋಡುತ್ತಾ ಕೂತರೆ ಕಾಫಿ ಆರಿದ್ದೇ ಗೊತ್ತಾಗುವುದಿಲ್ಲ.

ಟೆರಿಯರ್ ಜಾತಿಯ ನಾಯಿಗಳು ಹೆಚ್ಚಾಗಿ ಬ್ರಿಟನ್ನಿನ ಹೊಲಗದ್ದೆಗಳಲ್ಲಿ ಕೆಲಸಕ್ಕೆಂದೇ ಬೆಳೆದು ಬಂದವು. ನರಿಯ ಹಿಂದೆ ಬಿಲಕ್ಕೆ ಇಳಿಯಬೇಕು, ಕಣಜದ ಇಲಿ ಹಿಡಿಯಬೇಕು, ನೆಲ ಬಗೆಯಬೇಕು. ಡೆವನ್ ಸೀಮೆಯ ಪಾದ್ರಿ ಜಾನ್ ರಸೆಲ್ (1795–1883) ನರಿ ಬೇಟೆಗೆಂದು ಬೆಳೆಸಿದ ಸಾಲಿನಿಂದ ಬಂದದ್ದು ಜಾಕ್ ರಸೆಲ್. ದೊಡ್ಡದಾದರೂ ಐದಾರು ಕೆಜಿ, ಒಂದಡಿ ಎತ್ತರ ಅಷ್ಟೇ. ಗಾತ್ರ ನೋಡಿ 'ಚಿಕ್ಕ ನಾಯಿ, ಮೂಲೆಯಲ್ಲಿ ಬಿದ್ದಿರುತ್ತೆ' ಅಂದುಕೊಂಡು ತಂದವರಿಗೆ ಕಷ್ಟ, ಮರಿಗೆ ಇನ್ನೂ ಕಷ್ಟ. ಟೆರಿಯರ್‌ಗೆ ದಿನಾ ಕೆಲಸ ಬೇಕು. ಮೂಗಿಗೆ, ಕಾಲಿಗೆ, ತಲೆಗೆ ಕೆಲಸ ಕೊಟ್ಟರೆ ಇದರಷ್ಟು ಖುಷಿ ಕೊಡುವ ನಾಯಿ ಇನ್ನೊಂದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮುಂದೆ ಹೇಳುವುದೆಲ್ಲ ಇದರ ಮೇಲೇ ನಿಂತಿದೆ.

ಮರಿ ನೋಡಲು ಹೋದಾಗ

ಎಂಟು ವಾರ ತುಂಬದ ಮರಿ ಬೇಡ. ಎಷ್ಟೇ ಮುದ್ದಾಗಿದ್ದರೂ ಬೇಡ. ನಾಯಿ ಸಾಕಣೆ ಮತ್ತು ಮಾರಾಟದ ಬಗ್ಗೆ ಕೇಂದ್ರ ಸರ್ಕಾರ 2017ರಲ್ಲಿ ತಂದ ನಿಯಮದ ಪ್ರಕಾರವೂ ಎಂಟು ವಾರದೊಳಗಿನ ಮರಿಯನ್ನು ಮಾರುವಂತಿಲ್ಲ. ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಆ ಪತ್ರ ಕೇಳಲು ಸಂಕೋಚ ಬೇಡ. ಬೇಗ ತಾಯಿಯಿಂದ ಬಿಡಿಸಿದ ಮರಿಗೆ ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಅನ್ನುವ ಪಾಠವೇ ಆಗಿರುವುದಿಲ್ಲ. ಅದನ್ನು ಕಲಿಸುವುದು ತಾಯಿ ಮತ್ತು ಒಡಹುಟ್ಟಿದ ಮರಿಗಳು.

ತಾಯಿಯನ್ನು ತೋರಿಸಿ ಅನ್ನಿ. ತೋರಿಸದಿದ್ದರೆ ವಾಪಸ್ ಬನ್ನಿ. ಮರಿಯ ಕಣ್ಣು, ಮೂಗು ಸೋರುತ್ತಿರಬಾರದು. ಬಾಲದ ಕೆಳಗೆ ಒದ್ದೆ, ಅಂಟು ಇರಬಾರದು. ಹೊಟ್ಟೆ ಮಾತ್ರ ಉಬ್ಬಿ ಪಕ್ಕೆಲುಬು ಕಾಣುತ್ತಿದ್ದರೆ ಜಂತುಹುಳು ಇರಬಹುದು. ಒಂದು ಕೀಲಿಗೊಂಚಲು ಕೆಳಗೆ ಹಾಕಿ ನೋಡಿ. ಬೆಚ್ಚಿ, ಮರುಗಳಿಗೆಗೆ ಮೂಸಲು ಬರುವ ಮರಿ ಒಳ್ಳೆಯದು. ಮೂಲೆ ಸೇರಿ ನಡುಗುತ್ತಾ ಅಲ್ಲೇ ಉಳಿಯುವ ಮರಿಯನ್ನು ಕನಿಕರಕ್ಕೆ ತರಬೇಡಿ ಅನ್ನುವುದಿಲ್ಲ, ಆದರೆ ಅದಕ್ಕೆ ಜಾಸ್ತಿ ಸಮಯ ಬೇಕು ಅಂತ ತಿಳಿದು ತನ್ನಿ.

ಯಾರ್ಕ್‌ಶೈರ್ ಟೆರಿಯರ್ ತರುವವರಿಗೆ ಒಂದು ಮಾತು. ಅದರ ಉದ್ದ ಕೂದಲನ್ನು ದಿನಾ ಬಾಚಬೇಕು, ನಮ್ಮೂರ ಧೂಳಿಗೆ ಒಂದು ದಿನ ತಪ್ಪಿದರೂ ಸಿಕ್ಕಾಗುತ್ತದೆ. ಮೋಟು ಕೂದಲಿನ ಜಾಕ್ ರಸೆಲ್‌ಗೆ ಆ ರಗಳೆ ಇಲ್ಲ. ಆದರೆ ಕೂದಲು ವರ್ಷವಿಡೀ ಉದುರುತ್ತದೆ.

ಮನೆ ಸಜ್ಜು ಮಾಡುವುದು

ಮೊದಲು ಗೇಟು ನೋಡಿ. ಮರಿಯ ತಲೆ ತೂರುವ ಜಾಗದಲ್ಲಿ ಮೈಯೂ ತೂರುತ್ತದೆ. ಗ್ರಿಲ್ಲಿನ ಕೆಳಭಾಗಕ್ಕೆ ಒಂದೂವರೆ ಅಡಿ ಎತ್ತರ ಜಾಲರಿ ಕಟ್ಟಿಸಿ. ಗೇಟಿನ ಅಡಿ ಮಣ್ಣಿದ್ದರೆ ಕಲ್ಲು ಹಾಸಿ, ಇಲ್ಲದಿದ್ದರೆ ತಿಂಗಳೊಪ್ಪತ್ತಿನಲ್ಲಿ ಅಲ್ಲೊಂದು ಸುರಂಗ ರೆಡಿ.

ಎರಡನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಇಲಿ ಪಾಷಾಣ. ನಮ್ಮದು ಮೆಕ್ಕೆಜೋಳದ ಸೀಮೆ, ಮಂಡಕ್ಕಿ ಭಟ್ಟಿಗಳ ಊರು. ಕಾಳು ಇದ್ದಲ್ಲಿ ಇಲಿ, ಹೆಗ್ಗಣ ಇದ್ದೇ ಇರುತ್ತವೆ. ಅದಕ್ಕೆ ಮನೆ, ಅಂಗಡಿ, ಗೋದಾಮುಗಳಲ್ಲಿ ಪಾಷಾಣ ಇಡುವುದು ವಾಡಿಕೆ. ಟೆರಿಯರ್ ಅದನ್ನು ನೇರವಾಗಿ ತಿನ್ನಬಹುದು, ಪಾಷಾಣ ತಿಂದು ಸತ್ತ ಇಲಿಯನ್ನೂ ತಿನ್ನಬಹುದು. ಎರಡೂ ಅಪಾಯ. ಮರಿ ಬರುವ ವಾರ ಮೊದಲೇ ಮನೆಯಲ್ಲಿಟ್ಟ ಪಾಷಾಣ ಹುಡುಕಿ ತೆಗೆಯಿರಿ. ಫ್ರಿಜ್ಜಿನ ಹಿಂದೆ, ಅಟ್ಟದ ಮೇಲೆ, ಮೋಟರ್ ಶೆಡ್ಡಿನಲ್ಲಿ ನೋಡಿ. ಅಕ್ಕಪಕ್ಕದ ಮನೆಯವರಿಗೂ ಹೇಳಿ: 'ಅಕ್ಕಾ, ಮರಿ ತರ್ತಾ ಇದೀವಿ, ಪಾಷಾಣ ಇಟ್ರೆ ಒಂದು ಮಾತು ಹೇಳಿ' ಅಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಇಲಿ ಹಿಡಿಯಲು ಬೋನು ಸಾಕು. ಒಂದು ವೇಳೆ ತಿಂದೇಬಿಟ್ಟರೆ ಹಾಲು, ಉಪ್ಪುನೀರು ಅಂತ ಮನೆಮದ್ದು ಮಾಡುತ್ತಾ ಕೂರಬೇಡಿ. ಪಾಷಾಣದ ಪೊಟ್ಟಣವನ್ನೂ ಎತ್ತಿಕೊಂಡು ಸೀದಾ ಪಶುವೈದ್ಯರ ಹತ್ತಿರ ಓಡಿ. ಯಾವ ಪಾಷಾಣ ಅನ್ನುವುದರ ಮೇಲೆ ಚಿಕಿತ್ಸೆ ಬೇರೆಯಾಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಪಾಷಾಣಕ್ಕೆ ವಿಟಮಿನ್ ಕೆ1 ಕೊಟ್ಟು ಉಳಿಸಬಹುದು. ಅದರಲ್ಲಿ ಮರಿ ಎರಡು ಮೂರು ದಿನ ಚೆನ್ನಾಗಿಯೇ ಓಡಾಡಿಕೊಂಡಿರುತ್ತದೆ, ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಸತು ಫಾಸ್ಫೈಡ್ ಆದರೆ ಅದಕ್ಕೆ ಮರುಮದ್ದೇ ಇಲ್ಲ, ಗಂಟೆಗಳ ಲೆಕ್ಕದಲ್ಲಿ ಕೆಲಸ ಆಗಬೇಕು.

ದೇವರ ಮನೆ, ಅಡುಗೆ ಮನೆಗೆ ನಾಯಿ ಬರಬಾರದು ಅನ್ನುವ ಹಿರಿಯರಿದ್ದರೆ ಮೊದಲ ದಿನದಿಂದಲೇ ಅಲ್ಲೊಂದು ಮೋಟು ಹಲಗೆ ಅಡ್ಡ ಇಡಿ. ಒಂದು ದಿನ ಬಿಟ್ಟು ಇನ್ನೊಂದು ದಿನ ಗದರಿದರೆ ಮರಿಗೆ ಏನೂ ಅರ್ಥವಾಗುವುದಿಲ್ಲ. ಹೊಸ್ತಿಲು ದಾಟಬಾರದು ಅನ್ನುವುದನ್ನು ಇವು ಬೇಗ ಕಲಿಯುತ್ತವೆ. ಅಜ್ಜಿಯ ಮನಸ್ಸೂ ಅಷ್ಟೇ ಬೇಗ ಕರಗುತ್ತದೆ.

ಕರೆತರುವ ದಾರಿ

ಹೆಚ್ಚಿನವರು ಬೆಂಗಳೂರಿನಿಂದ ತರುತ್ತಾರೆ. ಸುಮಾರು 260 ಕಿಲೋಮೀಟರ್ ದಾರಿ. ಹೊರಡುವ ಎರಡು ಮೂರು ಗಂಟೆ ಮುಂಚೆ ಊಟ ಬೇಡ, ನೀರು ಸಾಕು. ರಟ್ಟಿನ ಡಬ್ಬಿಗೆ ಹಳೇ ಟವೆಲ್ ಹಾಸಿ. ತಾಯಿ ಮಲಗುತ್ತಿದ್ದ ಬಟ್ಟೆಯ ತುಂಡೊಂದನ್ನು ಕೇಳಿ ತಂದರೆ ಅದೇ ಮೊದಲ ವಾರದ ದೊಡ್ಡ ಸಮಾಧಾನ.

ಸಿರಾ, ಹಿರಿಯೂರು, ಚಿತ್ರದುರ್ಗ ಅಂತ ಊಟ, ಟೀಗೆ ನಿಲ್ಲಿಸುತ್ತೀರಿ ಅಲ್ವಾ? ಅಲ್ಲಿ ಮರಿಯನ್ನು ನೆಲಕ್ಕೆ ಬಿಡಬೇಡಿ. ಢಾಬಾ ಪಕ್ಕದ ಮಣ್ಣಿನಲ್ಲಿ ಊರೂರ ನಾಯಿಗಳು ಓಡಾಡಿರುತ್ತವೆ. ಮರಿಗಳಿಗೆ ಮಾರಕವಾದ ವಾಂತಿಭೇದಿ ತರುವ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಕಾರಿನೊಳಗೇ ನಾಲ್ಕು ಪದರ ಪೇಪರ್ ಹಾಸಿ ಒಂದಕ್ಕೆ ಮಾಡಿಸಿ.

ಮೊದಲ ರಾತ್ರಿ

ಅಳುತ್ತದೆ. ತಾಯಿ ಇಲ್ಲ, ಅಣ್ಣ ತಂಗಿಯರಿಲ್ಲ, ಹೊಸ ವಾಸನೆ. ಹೊರಗೆ ಕಟ್ಟಿ ಬಾಗಿಲು ಹಾಕಿಕೊಂಡರೆ ಅಭ್ಯಾಸವಾಗುತ್ತದೆ ಅನ್ನುವವರ ಮಾತು ಕೇಳಬೇಡಿ. ಡಬ್ಬಿಯನ್ನು ನಿಮ್ಮ ಹಾಸಿಗೆಯ ಪಕ್ಕದಲ್ಲೇ ಇಡಿ. ಅತ್ತಾಗ ಕೈ ಇಳಿಬಿಟ್ಟು ಮೂಸಲು ಕೊಡಿ, ಎತ್ತಿ ಆಡಿಸಬೇಡಿ. ನಡುರಾತ್ರಿ ಒಮ್ಮೆ ಎದ್ದು ಅಂಗಳಕ್ಕೆ ಕರೆದುಕೊಂಡು ಹೋಗಬೇಕು. ಮಾತಿಲ್ಲದೆ ಹೋಗಿ, ಮಾತಿಲ್ಲದೆ ಬನ್ನಿ. ಕೆಲವೇ ದಿನಗಳಲ್ಲಿ ಸರಿಹೋಗುತ್ತದೆ. ಆಮೇಲೆ ಡಬ್ಬಿಯನ್ನು ದಿನಕ್ಕೆ ಸ್ವಲ್ಪ ದೂರ ಸರಿಸುತ್ತಾ ಎಲ್ಲಿ ಮಲಗಬೇಕೋ ಅಲ್ಲಿಗೆ ತನ್ನಿ.

ಊಟ

ಎರಡು ತಿಂಗಳಿಗೆ ದಿನಕ್ಕೆ ನಾಲ್ಕು ಸಲ, ಮೂರು ತಿಂಗಳು ಕಳೆದ ಮೇಲೆ ಮೂರು ಸಲ, ಆರು ತಿಂಗಳಿಂದ ಎರಡು ಸಲ. ಮೊದಲ ವಾರ ಹಿಂದಿನ ಮನೆಯಲ್ಲಿ ಏನು ತಿನ್ನುತ್ತಿತ್ತೋ ಅದನ್ನೇ ಕೊಡಿ. ನಂತರ ಹೊಸದನ್ನು ದಿನಾ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಹೋಗಿ.

ನಮ್ಮ ಕಡೆ ನಾಯಿಗೆ ಹಾಲು ಅನ್ನ ಹಾಕುವುದು ರೂಢಿ. ಬೆಳೆಯುವ ಟೆರಿಯರ್‌ಗೆ ಅದು ಸಾಲದು. ಹಾಲು ಬಹಳ ಮರಿಗಳಿಗೆ ಭೇದಿ ತರುತ್ತದೆ. ಮರಿಗಳಿಗೆಂದೇ ಬರುವ ಒಣ ಆಹಾರ ಸುಲಭ. ಮನೆ ಅಡುಗೆಯೇ ಕೊಡುತ್ತೀರಿ ಅಂದರೆ ಅನ್ನ ಅಥವಾ ರಾಗಿ ಗಂಜಿಗಿಂತ ಮೊಟ್ಟೆ, ಬೇಯಿಸಿದ ಕೋಳಿ ಮಾಂಸದ ಪಾಲು ಜಾಸ್ತಿ ಇರಲಿ, ಉಪ್ಪು ಖಾರ ಬೇಡ. ಮನೆ ಅಡುಗೆಯಲ್ಲಿ ಸುಣ್ಣದ ಅಂಶ (ಕ್ಯಾಲ್ಸಿಯಂ) ಕಡಿಮೆ ಬೀಳುತ್ತದೆ. ಎಷ್ಟು ಸೇರಿಸಬೇಕು ಅಂತ ವೈದ್ಯರನ್ನು ಕೇಳಿಯೇ ಸೇರಿಸಿ. ಬೇಯಿಸಿದ ಮೂಳೆ ಬೇಡವೇ ಬೇಡ, ಸೀಳಿ ಕರುಳಿಗೆ ಚುಚ್ಚುತ್ತದೆ.

ಬೆಣ್ಣೆ ದೋಸೆ ಪಾರ್ಸಲ್ ಬಿಚ್ಚಿದರೆ ಮರಿ ನಿಮ್ಮ ಮೊಣಕಾಲು ಬಿಟ್ಟು ಹೋಗುವುದಿಲ್ಲ, ನಿಜ. ಆದರೆ ಅಷ್ಟು ಬೆಣ್ಣೆ ಅದರ ಮೇದೋಜೀರಕ ಗ್ರಂಥಿಗೆ ಆಗುವುದಿಲ್ಲ. ಸಂಜೆ ಮಂಡಕ್ಕಿ ಮಿರ್ಚಿ ತಿನ್ನುವಾಗಲೂ ಕೆಳಗೆ ಉದುರುವ ಹಸಿ ಈರುಳ್ಳಿಯ ಮೇಲೆ ಕಣ್ಣಿಡಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಹಾಳು ಮಾಡುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಕೆಡುಕು. ಚಾಕೊಲೇಟ್ ಹೃದಯಕ್ಕೆ. ಮಕ್ಕಳಿಗೆ ಈ ಐದು ಹೆಸರು ಬಾಯಿಪಾಠ ಮಾಡಿಸಿ.

ಒಂದಕ್ಕೆ, ಎರಡಕ್ಕೆ ಎಲ್ಲಿ?

ಎದ್ದ ತಕ್ಷಣ, ತಿಂದ ತಕ್ಷಣ, ಆಟ ಮುಗಿದ ತಕ್ಷಣ ಎತ್ತಿಕೊಂಡು ಅದೇ ಜಾಗಕ್ಕೆ ಹೋಗಿ. ನಡುವೆ ಗಂಟೆಗೊಮ್ಮೆ. ಅಲ್ಲಿ ಮಾಡಿದರೆ ಕೂಡಲೇ ಹೊಗಳಿ, ಒಂದು ಚೂರು ಕೋಳಿ ಮಾಂಸ ಕೊಡಿ. ಮನೆಯೊಳಗೆ ಮಾಡಿದರೆ ಮೂತಿ ಉಜ್ಜುವುದು, ಹೊಡೆಯುವುದು ಎರಡೂ ಬೇಡ. ಹೊಡೆದರೆ ಅದು ಕಲಿಯುವುದು ಒಂದೇ: ಇವರ ಕಣ್ಣೆದುರು ಮಾಡಬಾರದು, ಮಂಚದಡಿ ಮಾಡಬೇಕು. ಫಿನಾಯಿಲ್ ಹಾಕಿ ಒರೆಸಿದರೂ ನಾಯಿಗೆ ವಾಸನೆ ಸಿಗುತ್ತದೆ. ವಿನೆಗರ್ ಬೆರೆಸಿದ ನೀರಿನಿಂದ ಒರೆಸಿ ಒಣಗಲು ಬಿಡಿ. ನಾಲ್ಕೈದು ತಿಂಗಳಿಗೆ ಹೆಚ್ಚಿನ ಮರಿಗಳು ಬಾಗಿಲ ಹತ್ತಿರ ಹೋಗಿ ನಿಮ್ಮ ಮುಖ ನೋಡಲು ಶುರು ಮಾಡುತ್ತವೆ.

ಲಸಿಕೆ, ಜಂತುಹುಳು

ಮನೆಗೆ ಬಂದ ಎರಡು ಮೂರು ದಿನದೊಳಗೆ ವೈದ್ಯರಿಗೆ ತೋರಿಸಿ. ಸರ್ಕಾರಿ ಪಶು ಆಸ್ಪತ್ರೆಯೂ ಇದೆ, ಖಾಸಗಿಯವರೂ ಇದ್ದಾರೆ. ದೊಡ್ಡ ತೊಂದರೆ ಬಂದರೆ ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ.

ಡಿಸ್ಟೆಂಪರ್, ಪಾರ್ವೊ ಮುಂತಾದ ಮಾರಕ ರೋಗಗಳ ವಿರುದ್ಧದ ಸಂಯುಕ್ತ ಲಸಿಕೆ ಆರರಿಂದ ಎಂಟು ವಾರಕ್ಕೆ ಶುರು. ಮೂರು ನಾಲ್ಕು ವಾರಕ್ಕೊಮ್ಮೆ ಹಾಕಿಸುತ್ತಾ ಹದಿನಾರು ವಾರದವರೆಗೆ ಮುಗಿಸಬೇಕು. ಒಂದು ಸೂಜಿ ಹಾಕಿಸಿ 'ಆಯ್ತು' ಅಂತ ಬಿಟ್ಟರೆ ಪ್ರಯೋಜನವಿಲ್ಲ. ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಮರಿಯ ಮೈಯಲ್ಲಿ ಇರುವವರೆಗೆ ಲಸಿಕೆಯನ್ನೇ ಅದು ಅಳಿಸಿಹಾಕಬಹುದು. ಅದಕ್ಕೇ ಮತ್ತೆ ಮತ್ತೆ ಹಾಕುವುದು. ರೇಬಿಸ್ ಲಸಿಕೆ ಮೂರು ತಿಂಗಳು ತುಂಬಿದ ಮೇಲೆ, ನಂತರ ವೈದ್ಯರು ಹೇಳಿದ ಹಾಗೆ ವರ್ಷ ವರ್ಷ. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ಆ ಹೊತ್ತಿಗೆ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುವುದುಂಟು, ವಿಚಾರಿಸಿ.

ಜಂತುಹುಳುವಿನ ಔಷಧ ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ತೂಕ ನೋಡಿ ಕೊಡುವ ಔಷಧ ಇದು, ಅಂದಾಜಿಗೆ ಕೊಡಬೇಡಿ.

ಮರಿ ಊಟ ಬಿಟ್ಟು, ಸಪ್ಪಗಾಗಿ, ವಾಂತಿ ಮಾಡುತ್ತಾ ಕೆಟ್ಟ ನಾತದ ರಕ್ತಭೇದಿ ಶುರುವಾದರೆ ಪಾರ್ವೊ ಇರಬಹುದು. ಬೆಳಗಾಗಲಿ ನೋಡೋಣ ಅನ್ನಬೇಡಿ.

ಇಲಿ, ಹೆಗ್ಗಣ ಮತ್ತು ಬಗೆಯುವ ಚಟ

ಇಲ್ಲಿಗೆ ಬಂದೆವು ನೋಡಿ. ಟೆರಿಯರ್ ಅಂದರೆ ಇದೇ.

ನಮ್ಮ ಮನೆಯ ಜಾಕ್ ರಸೆಲ್ ಹೆಣ್ಣುಮರಿ ಹಲ್ಲು ಬದಲಾಗುವ ಮುಂಚೆಯೇ ಬಚ್ಚಲ ನೀರು ಹೋಗುವ ಕಲ್ಲುಚಪ್ಪಡಿಯ ಮುಂದೆ ನಿಂತುಬಿಡುತ್ತಿದ್ದಳು. ಒಂದು ಮುಂಗಾಲು ಮೇಲೆ. ತಲೆ ಸ್ವಲ್ಪ ಓರೆ. ಮಡಿಚಿದ ಕಿವಿಯ ತುದಿ ಅಲುಗುತ್ತಿರಲಿಲ್ಲ, ಬುಡ ಮಾತ್ರ ಆ ಕಡೆ ಈ ಕಡೆ ತಿರುಗುತ್ತಿತ್ತು. ನಮಗೆ ಏನೂ ಕೇಳಿಸುತ್ತಿರಲಿಲ್ಲ. ಅವಳಿಗೆ ಚಪ್ಪಡಿಯ ಅಡಿ ಹೆಗ್ಗಣ ನಡೆಯುವುದು ಕೇಳುತ್ತಿತ್ತು. ಆಮೇಲೆ ಮೂಗನ್ನು ಕಲ್ಲಿನ ಸಂದಿಗೆ ಒತ್ತಿ ಎರಡು ಸಲ ಜೋರಾಗಿ ಉಸಿರು ಎಳೆದು, ಎರಡೂ ಕಾಲಲ್ಲಿ ಪರಪರ ಕೆರೆಯಲು ಶುರು. ಹಿಂದೆ ನಿಂತವರ ಪಂಚೆ ತುಂಬ ಮಣ್ಣು. ಯಾರೂ ಕಲಿಸದ ವಿದ್ಯೆ ಅದು. ಇನ್ನೂರು ವರ್ಷದ ಕೆಲಸ ಅಷ್ಟು ಸಣ್ಣ ಮೈಯಲ್ಲಿ ಇರುವುದನ್ನು ಕಣ್ಣಾರೆ ನೋಡಿದರೆ ಮೈ ಜುಮ್ಮೆನ್ನುತ್ತದೆ.

ಇದನ್ನು ಬೈದು ಬಿಡಿಸಲು ಆಗುವುದಿಲ್ಲ, ಬಿಡಿಸಲೂಬಾರದು. ಜಾಗ ತೋರಿಸಬೇಕು ಅಷ್ಟೇ. ಹಿತ್ತಲಿನ ಒಂದು ಮೂಲೆಯಲ್ಲಿ ಎರಡಡಿಗೆ ಮೂರಡಿ ಇಟ್ಟಿಗೆ ಜೋಡಿಸಿ, ಒಳಗೆ ಒಂದಡಿ ಮರಳು ತುಂಬಿಸಿ. ನೆರಳಿರುವ ಮೂಲೆಯಾದರೆ ಒಳ್ಳೆಯದು. ಮರಿಯ ಕಣ್ಣೆದುರೇ ಒಂದು ಚೆಂಡನ್ನು ಅರ್ಧ ಹೂಳಿ. ಕಿತ್ತು ತೆಗೆದರೆ ಹೊಗಳಿ. ಮರುದಿನ ಪೂರ್ತಿ ಹೂಳಿ. ಕ್ರಮೇಣ ಬಟ್ಟೆಯಲ್ಲಿ ಸುತ್ತಿದ ಕೋಳಿ ಚೂರನ್ನು ಮರಿಗೆ ಕಾಣದ ಹಾಗೆ ಹೂಳಿ ಹುಡುಕಲು ಬಿಡಿ. ಹೂವಿನ ಗಿಡದ ಬುಡ ಬಗೆಯುತ್ತಿದ್ದರೆ ಗದರದೆ ಎತ್ತಿಕೊಂಡು ಬಂದು ಮರಳಿನಲ್ಲಿ ಬಿಡಿ. ಹಿತ್ತಲಿಲ್ಲದ ಮನೆಯವರು ಚಿಂತೆ ಮಾಡಬೇಕಿಲ್ಲ. ದೊಡ್ಡ ರಟ್ಟಿನ ಡಬ್ಬಿಗೆ ಮುದುಡಿದ ಪೇಪರ್, ಹಳೇ ಬಟ್ಟೆ ತುಂಬಿ ನಡುವೆ ತಿಂಡಿ ಅಡಗಿಸಿ ಕೊಡಿ. ಹತ್ತು ಹದಿನೈದು ನಿಮಿಷ ಮೂಗಿಗೆ ಹೀಗೆ ಕೆಲಸ ಕೊಟ್ಟರೆ ಒಂದು ಸುತ್ತು ಓಡಿದಷ್ಟು ದಣಿಯುತ್ತದೆ, ಆಮೇಲೆ ಕಾಲು ಚಾಚಿ ನಿದ್ದೆ.

ಒಂದು ಎಚ್ಚರ. ಇಲಿ, ಹೆಗ್ಗಣಗಳ ಮೂತ್ರದಿಂದ ಲೆಪ್ಟೊಸ್ಪೈರೋಸಿಸ್ ಬರುತ್ತದೆ, ನಾವು ಇಲಿಜ್ವರ ಅನ್ನುವುದು ಅದನ್ನೇ. ನಾಯಿಯ ಮೂತ್ರಪಿಂಡ, ಪಿತ್ತಜನಕಾಂಗ (ಲಿವರ್) ಕೆಡಿಸುತ್ತದೆ, ನಾಯಿಯಿಂದ ಮನುಷ್ಯರಿಗೂ ದಾಟಬಹುದು. ಲಸಿಕೆ ಹಾಕಿಸುವಾಗ ಇದೂ ಸೇರಿದೆಯಾ ಅಂತ ಬಾಯಿ ಬಿಟ್ಟು ಕೇಳಿ. ಮೊದಲು ಎರಡು ಡೋಸ್, ಆಮೇಲೆ ವರ್ಷಕ್ಕೊಮ್ಮೆ. ಮಳೆಗಾಲದಲ್ಲಿ ಚರಂಡಿ ನೀರು, ನಿಂತ ನೀರು ಕುಡಿಯಲು ಬಿಡಬೇಡಿ. ಮಳೆ ಬಂದಾಗ ಹೊರಬರುವ ಒರಟು ಮೈಯ ಕಪ್ಪೆಯನ್ನು ಬಾಯಿಗೆ ಹಾಕಿಕೊಂಡು ನೊರೆ ಸುರಿಸಿದರೆ, ತಲೆ ಕೆಳಗೆ ಮಾಡಿ ನಲ್ಲಿ ನೀರಿನಿಂದ ಬಾಯಿ ಚೆನ್ನಾಗಿ ತೊಳೆದು ವೈದ್ಯರಿಗೆ ತೋರಿಸಿ. ತೋಟದ ಮನೆಯಲ್ಲಿದ್ದರೆ ಹಾವಿನ ಭಯವೂ ಇದೆ. ಟೆರಿಯರ್ ಹಾವು ಕಂಡರೆ ಹಿಂದೆ ಸರಿಯುವ ನಾಯಿಯಲ್ಲ. ಕತ್ತಲಾದ ಮೇಲೆ ಒಂಟಿಯಾಗಿ ತೋಟಕ್ಕೆ ಬಿಡಬೇಡಿ.

ಕಚ್ಚುವುದು, ಮಕ್ಕಳು

ಇಪ್ಪತ್ತೆಂಟು ಹಾಲುಹಲ್ಲು, ಎಲ್ಲವೂ ಸೂಜಿ. ನಾಲ್ಕು ತಿಂಗಳಿಂದ ಆರೇಳು ತಿಂಗಳವರೆಗೆ ಅವು ಬಿದ್ದು ನಲವತ್ತೆರಡು ಹೊಸ ಹಲ್ಲು ಬರುತ್ತವೆ. ಅಷ್ಟು ದಿನ ಒಸಡು ಕಡಿಯುತ್ತಿರುತ್ತದೆ. ಫ್ರಿಜ್ಜಿನಲ್ಲಿಟ್ಟ ದಪ್ಪ ಕ್ಯಾರೆಟ್ ಅಥವಾ ಒದ್ದೆ ಮಾಡಿ ತಣ್ಣಗಾಗಿಸಿದ ಬಟ್ಟೆಯ ಗಂಟು ಕೊಡಿ. ಕೈ ಕಚ್ಚಿದರೆ ಕೈ ಕಿತ್ತುಕೊಳ್ಳಬೇಡಿ, ಅದು ಆಟ ಅಂದುಕೊಳ್ಳುತ್ತದೆ. ಆಟ ನಿಲ್ಲಿಸಿ, ಅರ್ಧ ನಿಮಿಷ ಎದ್ದು ಹೋಗಿ.

ಓಡುವ ಮಕ್ಕಳ ಹಿಮ್ಮಡಿಯನ್ನು ಇವು ಬಿಡುವುದಿಲ್ಲ. ಮಕ್ಕಳಿಗೆ ಮರದ ಹಾಗೆ ಸುಮ್ನೆ ನಿಲ್ಲಲು ಕಲಿಸಿ. ತಿನ್ನುವಾಗ, ಮಲಗಿದಾಗ ಮುಟ್ಟಬಾರದು. ಮರಿಯನ್ನು ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕುಂಡೆಯ ಕೆಳಗೆ. ಹಲ್ಲು ತಾಗಿ ಗೀರಿದರೆ ಸೋಪು ಹಚ್ಚಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು ಡಾಕ್ಟರಿಗೆ ತೋರಿಸಿ. ಮನೆಯ ಮರಿ ತಾನೇ ಅಂತ ಉದಾಸೀನ ಬೇಡ.

ಊರಿನ ಸದ್ದು

ಮೂರರಿಂದ ಹದಿನಾಲ್ಕು ವಾರದೊಳಗೆ ಮರಿ ಏನೇನು ನೋಡಿ, ಕೇಳಿ ಹೆದರದೆ ಇರುತ್ತದೋ, ದೊಡ್ಡದಾದ ಮೇಲೂ ಅವುಗಳಿಗೆ ಹೆದರುವುದು ಕಡಿಮೆ. ಆದರೆ ಲಸಿಕೆ ಮುಗಿಯುವುದು ಅದರ ನಂತರ. ಹಾಗಾಗಿ ನೆಲಕ್ಕೆ ಬಿಡದೆ, ಎದೆಗೆ ಅವಚಿಕೊಂಡು ಊರು ತೋರಿಸಿ. ರಾಮ್ ಅಂಡ್ ಕೋ ಸರ್ಕಲ್ಲಿನ ಒಂದು ಬದಿ ಹತ್ತು ನಿಮಿಷ ನಿಂತರೂ ಸಾಕು, ಆಟೋ, ಬಸ್ಸು, ಹೆಲ್ಮೆಟ್ ಹಾಕಿದವರು, ತಳ್ಳುಗಾಡಿ ಎಲ್ಲ ಸಿಗುತ್ತವೆ. ಕುಕ್ಕರ್ ಸೀಟಿ, ಮಿಕ್ಸಿ ಸದ್ದಾಗುವಾಗಲೆಲ್ಲ ಒಂದು ತಿಂಡಿ ಚೂರು. ಪಟಾಕಿ, ತಮಟೆ ಸದ್ದನ್ನು ಮೊಬೈಲಿನಲ್ಲಿ ಸಣ್ಣಗೆ ಹಾಕಿ, ಆಟವಾಡಿಸುತ್ತಾ ದಿನದಿನಕ್ಕೆ ಸ್ವಲ್ಪ ಜೋರು ಮಾಡಿ. ದೀಪಾವಳಿಗೂ ದುಗ್ಗಮ್ಮನ ಜಾತ್ರೆಗೂ ಇದೇ ತಯಾರಿ.

ಬಿಸಿಲು, ಉಣ್ಣೆ

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 38 ಡಿಗ್ರಿ ದಾಟುವ ದಿನಗಳಿರುತ್ತವೆ. ನಾಯಿ ಮೈತುಂಬ ಬೆವರುವುದಿಲ್ಲ, ತೇಕಿಯೇ ತಣ್ಣಗಾಗಬೇಕು. ಬೆಳಿಗ್ಗೆ ಏಳರೊಳಗೆ, ಸಂಜೆ ಆರರ ಮೇಲೆ ಮಾತ್ರ ಹೊರಗೆ. ರಸ್ತೆಗೆ ಹಿಂಗೈ ಇಟ್ಟು ಐದು ಸೆಕೆಂಡ್ ತಡೆಯಲಾಗದಿದ್ದರೆ ಮರಿಯ ಪಾದವೂ ತಡೆಯುವುದಿಲ್ಲ. ನಾಲಿಗೆ ಕಡುಗೆಂಪಾಗಿ, ಜೊಲ್ಲು ಗಟ್ಟಿಯಾಗಿ, ತೂರಾಡಿದರೆ ಬಿಸಿಲು ಹೊಡೆದಿದೆ ಎಂದರ್ಥ. ಸಾಮಾನ್ಯ ನೀರು ಸುರಿದು, ಫ್ಯಾನ್ ಹಾಕಿ, ಆಸ್ಪತ್ರೆಗೆ ಹೊರಡಿ.

ಉಣ್ಣೆ, ಅಂದರೆ ನಾಯಿಯ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಹುಳು, ನಮ್ಮ ಕಡೆ ವರ್ಷವಿಡೀ ಇದ್ದದ್ದೇ. ಕಿವಿಯೊಳಗೆ, ಬೆರಳಿನ ಸಂದಿ, ಬಾಲದ ಬುಡವನ್ನು ದಿನಾ ಬೆರಳಾಡಿಸಿ ನೋಡಿ. ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ ಹಚ್ಚುವುದನ್ನು ಇನ್ನೂ ಕೆಲವರು ಮಾಡುತ್ತಾರೆ. ಅದು ಚರ್ಮ ಸುಡುತ್ತದೆ, ನೆಕ್ಕಿದರೆ ವಿಷ. ಉಣ್ಣೆ ಕಚ್ಚಿದ ಮೇಲೆ ಜ್ವರ, ಒಸಡು ಬಿಳಿಚುವುದು, ಮೂಗಿನಲ್ಲಿ ರಕ್ತ ಕಂಡರೆ ರಕ್ತಪರೀಕ್ಷೆ ಮಾಡಿಸಬೇಕು.

ಕೊನೆಗೂ ಹೊರಗೆ

ಲಸಿಕೆಯ ಸರದಿ ಮುಗಿದು ವೈದ್ಯರು ಹೂಂ ಅಂದ ಮೇಲೆ ನಿಜವಾದ ವಾಕಿಂಗ್. ಕೊರಳಿನ ಬೆಲ್ಟಿಗಿಂತ ಹಾರ್ನೆಸ್, ಅಂದರೆ ಎದೆಗೆ ಹಾಕುವ ಬೆಲ್ಟು, ಒಳ್ಳೆಯದು. ಮನೆಯೊಳಗೇ ವಾರ ಮೊದಲು ಹಾಕಿ ಅಭ್ಯಾಸ ಮಾಡಿಸಿ. ಕುಂದವಾಡ ಕೆರೆಯ ಏರಿ ಬೆಳಗಿನ ಹೊತ್ತು ಚಂದ, ಆದರೆ ಅಲ್ಲಿ ನೀರಹಕ್ಕಿಗಳಿವೆ, ನಾಯಿ ಕಂಡರೆ ಹೆದರುವವರೂ ನಡೆಯುತ್ತಿರುತ್ತಾರೆ. ಹಗ್ಗ ಮೋಟಾಗಿ ಹಿಡಿಯಿರಿ, ಒಂದು ಕವರ್ ಜೇಬಲ್ಲಿರಲಿ.

ಎಷ್ಟೇ ಚೆನ್ನಾಗಿ ಮಾತು ಕೇಳಿದರೂ ರಸ್ತೆಯಲ್ಲಿ ಟೆರಿಯರ್‌ನ ಹಗ್ಗ ಬಿಚ್ಚಬೇಡಿ. ಅಳಿಲು ಕಂಡ ಕ್ಷಣ ಅದರ ಕಿವಿ ಮುಚ್ಚಿಹೋಗುತ್ತದೆ. ಓಡಬೇಕು ಅಲ್ವಾ, ಅದಕ್ಕೆ ಕಾಂಪೌಂಡ್ ಇರುವ ಖಾಲಿ ಜಾಗ ಹುಡುಕಿ. ಐದು ಮೀಟರ್ ನೈಲಾನ್ ಹಗ್ಗ ಕಟ್ಟಿ ಬಿಡಿ. ದೂರ ಹೋದಾಗ ಹೆಸರು ಒಂದೇ ಸಲ ಕರೆಯಿರಿ. ತಿರುಗಿದರೆ ಕೂತು ಕೈ ಚಾಚಿ. ಕಿವಿ ಹಿಂದಕ್ಕೆ ಮಡಚಿ, ನೆಲ ತಾಗದ ಹಾಗೆ ಓಡಿಬಂದು ನಿಮ್ಮ ತೊಡೆಗೆ ಡಿಕ್ಕಿ ಹೊಡೆಯುತ್ತದೆ. ತಿಂಡಿ ಕೊಟ್ಟು ತಕ್ಷಣ ಮತ್ತೆ ಓಡಲು ಬಿಡಿ. ಕರೆದಾಗಲೆಲ್ಲ ಕಟ್ಟಿ ಮನೆಗೆ ಕರೆದೊಯ್ದರೆ, ಮುಂದಿನ ಸಲ ಕರೆದಾಗ ಅದು ಬರುವುದಿಲ್ಲ.